ಬರ್ತೀನಿ ಎಂಬ ಮಾತು

ಬಾಡಿಗೆಗಿದ್ದ ಮಂಗಳಗ್ರಹದ ಕ್ರೀಲಪ್ಪನವರು ಮೂರು ವರ್ಷದ ಮೇಲೆ ತಮ್ಮ ಗ್ರಹದಿಂದ ವಾಪಸು ಬಂದು ತಮ್ಮ ಮಹಡಿ ಕೋಣೆ ಕೇಳಿದಾಗ ಮನೆಯೊಡತಿ ಕಮಲಾಕ್ಷಮ್ಮ ಕೊಡಲು ಒಪ್ಪಲಿಲ್ಲ. ಅಲ್ಲೀಗ ಅವಳ ಹೊಟ್ಟೆ ಹೊರೆಯುವ ಹೊಲಿಗೆ ಯಂತ್ರಗಳಿದ್ದವು. ವ್ಯಾಜ್ಯ ತಾಲ್ಲೂಕು ಕೋರ್ಟಿಗೆ ಹೋಯಿತು.

ನ್ಯಾಯಾಧೀಶರು ಎರಡು ಗ್ರಹಗಳ ಒಪ್ಪಂದ ಬಿಚ್ಚಿ ಓದಿದರು. "ಹೊರಡುತ್ತೇನೆಂದು ಬಾಯಿಬಿಟ್ಟು ಹೇಳಿದ ಬಾಡಿಗೆದಾರನಿಗೆ ಕೋಣೆಯ ಹಕ್ಕು ಇರುವುದಿಲ್ಲ. ಇವರು ಹೋಗುವಾಗ ಏನಂದ್ರಮ್ಮ?"

"'ಬರ್ತೀನಿ' ಅಂದ್ರು ಸ್ವಾಮಿ."

"ನೋಡಿ, ಬಂದಿದ್ದೀನಿ," ಎಂದು ಕ್ರೀಲಪ್ಪ ನಾಲ್ಕೂ ಕೈ ಮುಗಿದರು.

"ನಮ್ಮಲ್ಲಿ ಹೋಗೋರೇ ಹಾಗನ್ನೋದು ಸ್ವಾಮಿ! 'ಹೋಗ್ತೀನಿ' ಅನ್ನೋದು ಅಪಶಕುನ."

ನ್ಯಾಯಾಧೀಶರು ತಲೆದೂಗಿದರು. "ಒಪ್ಪಂದ ಯಾವ ಗ್ರಹದ್ದಾದರೂ, ಮಾತಿಗೆ ಅದನ್ನು ಆಡಿದ ಊರಿನ ಅರ್ಥವೇ ಸಲ್ಲಬೇಕು. ಕೋಣೆ ಅಮ್ಮನದು."

ಕಮಲಾಕ್ಷಮ್ಮನಿಗೆ ಹೋದ ಜೀವ ಬಂದಂತಾಯಿತು. ಕ್ರೀಲಪ್ಪ ಪೆಟ್ಟಿಗೆ ಎತ್ತಿಕೊಂಡು, ಇನ್ನು ತಪ್ಪು ತಿಳಿವಳಿಕೆ ಬೇಡವೆಂದು ಸ್ಪಷ್ಟವಾಗಿ, "ಸರಿ, ನಾನು ಹೋಗ್ತೀನಿ," ಎಂದರು.

"ಅಯ್ಯೋ, ಬಿಡ್ತು ಅನ್ನಿ!" ಕಮಲಾಕ್ಷಮ್ಮನ ಬಾಯಿ ತಡೆಯಲಿಲ್ಲ. "ಹಾಗೆಲ್ಲ ಅನ್ನಬಾರದು. 'ಹೋಗಿ ಬರ್ತೀನಿ' ಅನ್ನಿ."

ಕ್ರೀಲಪ್ಪನ ಮುಖ ಅರಳಿತು. "ಎಷ್ಟು ಹೊತ್ತಿಗೆ ಬರಲಿ?"

ಕಮಲಾಕ್ಷಮ್ಮ ಗಾಬರಿಯಿಂದ ನ್ಯಾಯಾಧೀಶರ ಕಡೆ ನೋಡಿದಳು. ಅವರು ಆಗಲೇ ಕನ್ನಡಕ ಏರಿಸಿಕೊಂಡು ಒಪ್ಪಂದವನ್ನು ಮತ್ತೆ ಬಿಚ್ಚುತ್ತಿದ್ದರು.