ಡೆಸ್ಮಂಡನ ಬೆರಳು

ಮಹಾ ಗಿಟಾರಿಸ್ಟ್ ಡೆಸ್ಮಂಡ್ ಸತ್ತ ಮೇಲೆ ಅವನ ಬೆರಳುಗಳ ನೆನಪನ್ನು ಬೇರೆ ಗಿಟಾರಿಸ್ಟರ ಕೈಗೆ ಇಂಜೆಕ್ಷನ್ ಮಾಡಿ ಚುಚ್ಚತೊಡಗಿದ್ದರು. ಚುಚ್ಚಿಸಿಕೊಳ್ಳದವರನ್ನು ಯಾವ ಆರ್ಕೆಸ್ಟ್ರಾದವರೂ ಕರೆಯುತ್ತಿರಲಿಲ್ಲ. ನಾಗಭೂಷಣನೂ ಚುಚ್ಚಿಸಿಕೊಂಡಿದ್ದ.

ಅವನ ಹೆಂಡತಿ ಜಲಜಾಕ್ಷಿಯನ್ನು ಇನ್ನೇನು ಆಪರೇಷನ್ನಿಗೆ ಒಯ್ಯಬೇಕಿತ್ತು.

“ರೀ, ಆಗೆಲ್ಲ ಮೈಕ್ ಟೆಸ್ಟ್ ಮಾಡೋವಾಗ ಬಾರಿಸ್ತಿದ್ರಲ್ಲ, ನಿಮ್ದೇ ಟ್ಯೂನು. ಅದನ್ನ ಒಂದ್ಸಲ ಬಾರಿಸಿ,” ಎಂದಳು.

ಆ ಟ್ಯೂನು ಕೇಳಿಯೇ ಅವಳು ಅವನನ್ನು ಒಪ್ಪಿದ್ದಳು. ಅವನಿಗೂ ಅದು ಚೆನ್ನಾಗಿ ನೆನಪಿತ್ತು. ಜೊತೆಗೆ ತಂದಿದ್ದ ಗಿಟಾರ್ ಎತ್ತಿಕೊಂಡು ಶುರು ಮಾಡಿದ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಬೆರಳುಗಳು ಡೆಸ್ಮಂಡನ ದಾರಿ ಹಿಡಿದವು. ಮತ್ತೆ ಮೊದಲಿನಿಂದ ಬಾರಿಸಿದ. ಮತ್ತೆ ಅಲ್ಲಿಗೇ ಹೋದವು. ವಾರ್ಡಿನ ರೋಗಿಗಳೆಲ್ಲ ಎದ್ದು ಕೂತು ಚಪ್ಪಾಳೆ ತಟ್ಟಿದರು.

ನರ್ಸ್ ಸ್ಟ್ರೆಚರ್ ತಂದಳು. ಅದರ ಮೇಲೆ ಮಲಗಿದ ಜಲಜಾಕ್ಷಿ ಅವನ ಕೈ ಹಿಡಿದಳು.

“ಅವರದ್ದು ಚೆನ್ನಾಗಿತ್ತು,” ಎಂದಳು. “ಈಗ ನಿಮ್ದು ಬಾರಿಸಿ.”