ಗ್ಲೆನಿಟಾಳ ಅಮೃತಶಿಲೆ

ಯಾರೋ ಗ್ಲೆನಿಟಾಳ ಹೆಸರನ್ನು ಅಳಿಸುತ್ತಿದ್ದರು.

ರೂಬನ್ ಮೊದಲು ತನ್ನ ಕಣ್ಣನ್ನೇ ಬೈದುಕೊಂಡ. ಬೆರಳಾಡಿಸಿ ನೋಡಿದ. ಅನುಮಾನವೇ ಇಲ್ಲ. ಎರಡು ವರ್ಷದ ಹಿಂದೆ ಹೆಂಡತಿಯ ಸಮಾಧಿಗೆ ಕೆತ್ತಿಸಿದ್ದ ಅಕ್ಷರಗಳು ಮೊಂಡಾಗಿದ್ದವು. ಹೊಳೆಯುತ್ತಿದ್ದ ಬಿಳಿ ಕಲ್ಲು ಮಂಕಾಗಿತ್ತು. ಪಕ್ಕದ ಸಮಾಧಿಯ ಕರಿಕಲ್ಲು ಇಪ್ಪತ್ತು ಮಳೆಗಾಲ ಕಂಡದ್ದು, ಅದಕ್ಕೆ ಏನೂ ಆಗಿಲ್ಲ. ಯಾವನೋ ಹಾಳಾದವನು ಇವಳೊಬ್ಬಳ ಮೇಲೆಯೇ ಹಲ್ಲು ಮಸೆಯುತ್ತಿದ್ದಾನೆ!

ಕಂಕನಾಡಿಯ ಮನೆಯಲ್ಲಿ ಈಗ ರೂಬನ್ ಒಬ್ಬನೇ. ಮಕ್ಕಳಿಲ್ಲ. ಅವನು ಮೂವತ್ತು ವರ್ಷ ಕುವೈತಿನಲ್ಲಿ ದುಡಿದ, ಅವಳು ಇಲ್ಲಿ ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಟ್ಟಳು. ಫೋನಿನಲ್ಲೂ ಅದೇ ಪಾಠ. ಜೇಡಿಕಲ್ಲು ಒತ್ತಡಕ್ಕೆ ಸಿಕ್ಕಿ ಸ್ಲೇಟು, ಇನ್ನೂ ಬೆಂದರೆ ಶಿಸ್ಟ್, ಕೊನೆಗೆ ಪಟ್ಟೆಪಟ್ಟೆಯ ನೈಸ್ ಎಂಬ ಕಲ್ಲು. ಪದರ ಇರುವವು ಒಂದು ಪಂಗಡ, ಇಲ್ಲದವು ಇನ್ನೊಂದು. ಸುಣ್ಣಕಲ್ಲು ಭೂಮಿಯ ಹೊಟ್ಟೆಯಲ್ಲಿ ಬೆಂದರೆ ಅಮೃತಶಿಲೆ.

"ಕೇಳ್ತಾ ಇದ್ದೀಯಾ, ರೂಬನ್?"

"ಹೂಂ, ಹೂಂ." ಕಣ್ಣು ಟಿವಿಯ ಕ್ರಿಕೆಟ್ಟಿನ ಮೇಲೆ.

ಈಗ ಕೇಳಬೇಕೆಂದರೆ ಹೇಳುವವರಿಲ್ಲ. ಕಿವಿಗೆ ಬಿದ್ದಷ್ಟು ನೆನಪಿಟ್ಟುಕೊಂಡು ಅವಳಿಗೆ ಅಮೃತಶಿಲೆಯನ್ನೇ ಹಾಕಿಸಿದ್ದ. ಪ್ರತಿ ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಸಮಾಧಿಗೆ ಬರುತ್ತಿದ್ದ. ಹುಲ್ಲು ಕೀಳುತ್ತಿದ್ದ, ಅವಳು ಮನೆಯ ಹಿತ್ತಾಳೆ ಬೆಳಗುತ್ತಿದ್ದ ಹಾಗೆಯೇ ನಿಂಬೆಹಣ್ಣು ಹಾಕಿ ಕಲ್ಲು ತಿಕ್ಕುತ್ತಿದ್ದ, ಮೇಣದಬತ್ತಿ ಹಚ್ಚಿ ವಾರದ ಸುದ್ದಿಯೆಲ್ಲ ಹೇಳುತ್ತಿದ್ದ. ವಾರವಿಡೀ ಅವನು ಬಾಯಿ ಬಿಡುವುದು ಅಲ್ಲಿ ಮಾತ್ರ.

ಆ ಹೆಸರೂ ಹೋದರೆ ಅವಳದೆನ್ನುವುದು ಇನ್ನೇನು ಉಳಿಯಿತು? ಈ ಸಲ ಶನಿವಾರವೇ ಬಂದು ಮರದ ಮರೆಯಲ್ಲಿ ಕುಳಿತ. ಹತ್ತು ಗಂಟೆಗೆ ಒಬ್ಬಳು ಬಂದಳು. ಹೂವಿಟ್ಟಳು. ಬಗ್ಗಿ ಅಕ್ಷರಗಳನ್ನು ಉಗುರಿನಿಂದ ಕೆರೆದಳು.

"ಸಿಕ್ಕಿಬಿದ್ದಿರಿ! ಎಂತ ಮಾಡ್ತಿದ್ದೀರಿ ಅಲ್ಲಿ?"

ಅವಳು ಬೆಚ್ಚಿ ತಿರುಗಿದಳು. ಕಣ್ಣು ತುಂಬಿತ್ತು. "ನಾನು ಸುಪ್ರೀತಾ, ಅಂಕಲ್. ಮೇಡಂನ ಸ್ಟೂಡೆಂಟ್. ಊರಿಗೆ ನಿನ್ನೆಯಷ್ಟೇ ಬಂದದ್ದು. ಯಾರು ಇದಕ್ಕೆ ಆ್ಯಸಿಡ್ ಹಾಕಿದ್ದು?"

"ಆ್ಯಸಿಡ್?" ರೂಬನ್‌ನ ರಕ್ತ ಕುದಿಯಿತು. "ನನಗೆ ಗೊತ್ತಿತ್ತು! ಯಾವ ಪಾಪಿಯೋ ಬಾಟಲಿ ತಂದು ಸುರೀತಿದ್ದಾನೆ."

"ಬಾಟಲಿಯೇ ಬೇಕಂತಿಲ್ಲ, ಅಂಕಲ್. ಅಮೃತಶಿಲೆ ಹೌದೋ ಅಲ್ಲವೋ ಅಂತ ನೋಡ್ಲಿಕ್ಕೆ ಮೇಡಂ ಒಂದು ತೊಟ್ಟು ಹಾಕಿ ತೋರಿಸ್ತಿದ್ರು. ನೊರೆ ಬಂದು ಕಲ್ಲೇ ಕರಗ್ತದೆ. ಅಡುಗೆಮನೆಯ ಹುಳಿಯಾದ್ರೂ ಸಾಕು, ದಿನಾ ಬಿದ್ದರೆ."

"ದಿನಾ ಅಲ್ಲ," ಅಂದ ರೂಬನ್. "ಭಾನುವಾರ ಮಾತ್ರ."