ಮಾನ್ವಿ ಥಂಡರ್ಸ್‌ನ ಎರಡನೇ ಕ್ಯಾಸೆಟ್

“ಇನ್ನಾ ಜೋರ್ ಚೀರ್ರಿ ಜಂಬಣ್ಣಾರ. ಎದಿ ಝಲ್ ಅನ್ನಬೇಕು,” ಎಂದ ಗದ್ದೆಪ್ಪ.

ಜಂಬಣ್ಣ ಮೈಕು ಕೆಳಗಿಟ್ಟು ಭತ್ತದ ಚೀಲಕ್ಕೆ ಒರಗಿ ಕೂತ. ಬೆಳಗಿನಿಂದ ಚೀರಿ ಚೀರಿ ಗಂಟಲು ಹರಿದುಹೋಗಿತ್ತು. ಪಕ್ಕದಲ್ಲಿ ಗಿಟಾರ್ ಹಿಡಿದು ಕೂತಿದ್ದ ಮರಿಸ್ವಾಮಿಯ ಕಿವಿಗೆ ಬಾಯಿಟ್ಟು ಕೇಳಿದ. “ಇಂವಾ ಯಾಂವಲೇ ನಮಗ ಹೇಳಾಂವ? ರಾಕ್ ಅಂದ್ರ ಏನಂತ ಗೊತ್ತದೇನು ಇವಗ?”

ಮರಿಸ್ವಾಮಿಗೂ ಅದೇ ಅನುಮಾನ. ಆದರೆ ಬಾಯಿ ಬಿಡುವಂತಿರಲಿಲ್ಲ. ಅವರ ಬ್ಯಾಂಡು ಮಾನ್ವಿ ಥಂಡರ್ಸ್‌ನ ಎರಡನೇ ಕ್ಯಾಸೆಟ್ಟಿನ ಖರ್ಚೆಲ್ಲ ಮಲ್ಲಟದ ಈ ರೈತನದೇ.

ಸ್ಟುಡಿಯೋ ಎಂದರೆ ಮರಿಸ್ವಾಮಿಯ ಅಪ್ಪನ ರೈಸ್ ಮಿಲ್ಲಿನ ಗೋದಾಮು. ಸದ್ದು ಹೊರಗೆ ಹೋಗದಿರಲೆಂದು ಸುತ್ತ ಚೀಲ ಒಟ್ಟಿದ್ದರು. ರೇಡಿಯೋ ರಿಪೇರಿಯ ಖಾಸಿಂ ಸಾಬ್ ತನ್ನ ಟೇಪ್ ರೆಕಾರ್ಡರ್ ತಂದು ರೆಕಾರ್ಡಿಂಗ್ ಎಂಜಿನಿಯರ್ ಆಗಿದ್ದ. ವೆಂಕೋಬನ ಡ್ರಮ್ಮಿನಲ್ಲಿ ಅರ್ಧದಷ್ಟು ಎಣ್ಣೆ ಡಬ್ಬಿಗಳು. ಅಪ್ಪನದು ಒಂದೇ ಷರತ್ತು. “ಈ ಸಲ ನಡೀಲಿಲ್ಲಂದ್ರ ಆ ಕೂದಲಾ ಕತ್ತರಿಸಿಕೊಂಡು ಬಂದು ಮಿಲ್ಲಿನ್ಯಾಗ ಕೂಡಬೇಕು, ಅಷ್ಟ.”

ಕಿವಿ ಮುಚ್ಚುವಂತೆ ಬೆಳೆಸಿದ್ದ ಕೂದಲನ್ನು ಮರಿಸ್ವಾಮಿ ಮುಟ್ಟಿ ನೋಡಿಕೊಂಡಿದ್ದ.

ಮೊದಲನೇ ಕ್ಯಾಸೆಟ್ಟಿನದು ವಿಚಿತ್ರ ಕಥೆ. ರಾಯಚೂರಿನ ಅಂಗಡಿಗಳಲ್ಲಿ ಅದು ಧೂಳು ಹಿಡಿದು ಬಿದ್ದಿತ್ತು. ಕಾಲೇಜು ಹುಡುಗರು ಒಂದು ನಿಮಿಷ ಕೇಳಿ ನಕ್ಕು ಹೋಗುತ್ತಿದ್ದರು. ಆದರೆ ಮಾನ್ವಿಯಲ್ಲಿ, ದೇವದುರ್ಗದಲ್ಲಿ ಹಳ್ಳಿಯವರು ಹುಡುಕಿಕೊಂಡು ಬಂದು ಒಯ್ದರು. ಧೋತರ ಉಟ್ಟವರು, ಹೆಗಲ ಮೇಲೆ ಕಂಬಳಿ ಹೊತ್ತವರು. ಕಡೆಗೆ ಗದ್ದೆಪ್ಪ ಮಿಲ್ಲಿಗೇ ಬಂದು ನಿಂತ.

“ಹಳೇದು ರೂಢಿ ಆಗಿಬಿಟ್ಟದ್ರಿ ಸಣ್ಣ ಸಾವ್ಕಾರ್ರ. ಈಗ ಏನೂ ಅನ್ನಿಸವಲ್ದು. ಹೊಸಾದು ಬೇಕು. ತೆನಿ ಬಲಿಯೋದ್ರೊಳಗ ಬೇಕು.”

ಸುಗ್ಗಿಯ ಹೊತ್ತಿಗೆ ಜನರ ಕೈಯಲ್ಲಿ ದುಡ್ಡಿರುತ್ತದೆ. ವ್ಯಾಪಾರ ಬಲ್ಲವನು, ಎಂದುಕೊಂಡಿದ್ದ ಮರಿಸ್ವಾಮಿ.

ಮಧ್ಯಾಹ್ನ ರೆಕಾರ್ಡಿಂಗಿನ ನಡುವೆ ಜಗಳ ಹತ್ತಿತು. ತಾನು ಮದುವೆಯಾಗಬೇಕಿದ್ದ ನೀಲಗಂಗಮ್ಮನಿಗಾಗಿ ಜಂಬಣ್ಣ ಒಂದು ಹಾಡು ಕಟ್ಟಿದ್ದ. ತೊಟ್ಟಿಲು ತೂಗಿದಂಥ ಹಾಡು. ಎರಡು ಸಾಲು ಮುಗಿಯುವುದರೊಳಗೆ ಗದ್ದೆಪ್ಪ ಎದ್ದು ನಿಂತು ಕೈ ಮುಗಿದ.

“ಇದು ಬ್ಯಾಡ್ರಿ ಯಪ್ಪಾ. ಹೋದ ಸಲ ಇಂಥಾದೊಂದು ಮೆಲ್ಲಕಿನ ಹಾಡಿತ್ತು. ಅದೊಂದರಾಗ ಊರಿಗೆ ಊರೇ ಲುಕ್ಸಾನ ಆತು.”

“ನೀಲಗಂಗಮ್ಮ ಇದನ್ನ ಕೇಳಿ ಕಣ್ಣೀರು ಹಾಕ್ಯಾಳ!”

“ಅಳೋದು ತಗೊಂಡು ಏನ್ ಮಾಡೋದ್ರಿ? ಓಡಬೇಕು. ಮತ್ತ ಎರಡು ಹಾಡಿನ ನಡುವ ಖಾಲಿ ಬಿಡಬ್ಯಾಡ್ರಿ. ಅಷ್ಟರಾಗ ಧೈರ್ಯ ಬಂದುಬಿಡ್ತದ.”

ಮರಿಸ್ವಾಮಿಯ ಮೈ ಜುಮ್ಮೆಂದಿತು. ಹಾಡು ಓಡಬೇಕು! ಕೇಳುವವನಿಗೆ ಉಸಿರು ಬಿಡಲು ಜಾಗ ಕೊಡಬಾರದು! ಬೊಂಬಾಯಿಯ ಬ್ಯಾಂಡುಗಳಿಗೂ ಹೊಳೆಯದ ಮಾತನ್ನು ಈ ಮನುಷ್ಯ ಗದ್ದೆಯ ಬದುವಿನಲ್ಲಿ ಕೂತು ಕಂಡುಕೊಂಡಿದ್ದ. ಅನುಮಾನಪಟ್ಟದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ಜಂಬಣ್ಣ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದ. ಮರಿಸ್ವಾಮಿ ಮಿಲ್ಲಿನ ಗೇಟಿನ ತನಕ ಓಡಿ ಅವನ ತೋಳು ಹಿಡಿದ. ಮೂರನೇ ಕ್ಯಾಸೆಟ್ಟಿನ ತುಂಬ ನೀಲಗಂಗಮ್ಮನ ಹಾಡುಗಳೇ ಎಂದು ಆಣೆ ಹಾಕಿ ಕರೆತಂದ. ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಮೈಕಿಗೆ ಬಾಯಿ ಹಚ್ಚಿದ. ಹೊಟ್ಟೆಯೊಳಗಿದ್ದ ಸಿಟ್ಟನ್ನೆಲ್ಲ ಒಮ್ಮೆಗೇ ಹೊರಗೆ ಬಿಟ್ಟ.

ವೆಂಕೋಬ ಬೆದರಿ ಇನ್ನಷ್ಟು ಜೋರಾಗಿ ಬಡಿದ. ಗೋದಾಮಿನ ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆಯಿತು. “ಯಾ ಅಲ್ಲಾ, ಮೀಟರಿನ ಮುಳ್ಳು ಆ ಕಡಿಗಿ ಹೋಗಿದ್ದು ಈ ಕಡಿಗಿ ಬರವಲ್ದು,” ಎಂದು ಖಾಸಿಂ ಸಾಬ್ ಟೇಪ್ ರೆಕಾರ್ಡರನ್ನು ಅಪ್ಪಿಕೊಂಡ.

ಗದ್ದೆಪ್ಪನ ಕಣ್ಣು ತುಂಬಿದ್ದವು. “ಇದ ನೋಡ್ರಿ. ಇದ ಬೇಕಾಗಿತ್ತು.”

ಕ್ಯಾಸೆಟ್ ಬಂತು. ರಾಯಚೂರಿನಲ್ಲಿ ಒಂದೂ ಹೋಗಲಿಲ್ಲ. ಮಾನ್ವಿಯಲ್ಲಿ ಒಂದೂ ಉಳಿಯಲಿಲ್ಲ. ಕಲ್ಲೂರಿನವರು ಬಂದು ಖಾಲಿ ಅಂಗಡಿಯ ಮುಂದೆ ಜಗಳಾಡಿದರು. ಅಪ್ಪ ಕೂದಲಿನ ಮಾತೆತ್ತುವುದನ್ನು ಬಿಟ್ಟ.

“ಒಮ್ಮೆ ಮಲ್ಲಟಕ್ಕ ಬರ್ರಿ ಸಾವ್ಕಾರ್ರ. ನಿಮ್ಮ ಹಾಡು ಹ್ಯಾಂಗ ಹಿಡದದ ಅಂತ ಕಣ್ಣಾರೆ ನೋಡ್ರಿ,” ಎಂದು ಗದ್ದೆಪ್ಪ ಹೇಳಿ ಕಳಿಸಿದ.

ಮರಿಸ್ವಾಮಿ ಹೂವಿನ ಅಂಗಿ, ಬೆಲ್‌ಬಾಟಂ ತೊಟ್ಟು, ಕಪ್ಪು ಕನ್ನಡಕ ಏರಿಸಿ ಬಸ್ಸು ಹತ್ತಿದ. ಇಳಿದಾಗ ಹೊತ್ತು ಮುಳುಗುತ್ತಿತ್ತು. ಗದ್ದೆಪ್ಪ ಅವನನ್ನು ಕಾಲುವೆಯ ಏರಿಯ ಮೇಲೆ ನಡೆಸಿಕೊಂಡು ಹೊಲದ ನಡುವೆ ಕರೆದೊಯ್ದ. ಅಲ್ಲಿ ನಾಲ್ಕು ಕಂಬ ನೆಟ್ಟು ಮೇಲೆ ಹಲಗೆ ಹಾಸಿದ್ದರು. ಬೇವಿನ ಮರಕ್ಕೆ ದೊಡ್ಡ ಮೈಕು ಕಟ್ಟಿ, ಟ್ರ್ಯಾಕ್ಟರಿನ ಬ್ಯಾಟರಿಯಿಂದ ತಂತಿ ಎಳೆದಿದ್ದರು.

ತನಗಾಗಿ ವೇದಿಕೆಯನ್ನೇ ಕಟ್ಟಿಸಿದ್ದಾನೆ! ಮರಿಸ್ವಾಮಿ ಹತ್ತಿ ನಿಂತು ಕಾಲರ್ ಸರಿಮಾಡಿಕೊಂಡ. ಸುತ್ತ ಎದೆಮಟ್ಟ ಬೆಳೆದ ಭತ್ತ. ಒಂದು ನರಪಿಳ್ಳೆಯೂ ಕಾಣಲಿಲ್ಲ.

“ಎಲ್ಲದಾರ ಗದ್ದೆಪ್ಪಣ್ಣಾ, ಕೇಳಾವ್ರು?”

“ಸುಮ್ಮನ ನಿಂದರ್ರಿ. ಬರೋ ಹೊತ್ತಾತು.”

ದೂರದ ಮಡಿಯಲ್ಲಿ ಪೈರು ಅಲುಗಿತು. ಒಂದು ಕಡೆ, ಮತ್ತೊಂದು ಕಡೆ, ಆಮೇಲೆ ಸಾಲಾಗಿ. ಎಷ್ಟೊಂದು ಜನ! ಕನ್ನಡಕ ತೆಗೆದು, ಕೈ ಬೀಸಲೆಂದು ಮರಿಸ್ವಾಮಿ ತೋಳೆತ್ತಿದ. ಗದ್ದೆಪ್ಪ ಟೇಪಿನ ಗುಂಡಿ ಒತ್ತಿದ. ಜಂಬಣ್ಣನ ಚೀತ್ಕಾರ ಬೇವಿನ ಮರದಿಂದ ಸಿಡಿಯಿತು.

“ಅಕ್ಕೋ, ನೋಡ್ರಿ ಸಾವ್ಕಾರ್ರ!” ಗದ್ದೆಪ್ಪ ಕುಣಿದಾಡಿದ. “ಒಂದ ಹಾಡಿಗೆ ಎಲ್ಲಾ ಹಂದಿ ಓಟ ಕಿತ್ತವು!”